ಉಚಿತವೂ ಬೇಡ, ದುಡ್ಡಿನದೂ ಬೇಡ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಒಂದು ಕಂಪ್ಯೂಟರ್ ಇದೆ. 2016ರಲ್ಲಿ ದಾನವಾಗಿ ಬಂದದ್ದು. ದಾನಿಯ ಹೆಸರನ್ನು ಮಾನಿಟರ್ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ಹಾಗಾಗಿ ಅದನ್ನು ಎಸೆಯುವ ಹಾಗಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಋಣ ತೀರಿತು. ಮೈಕ್ರೋಸಾಫ್ಟ್ ಅದರ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಏರ್ಪಾಡು ಬೇಕು, ಅದು ಒಪ್ಪುವಂಥ ಪ್ರೊಸೆಸರೂ ಬೇಕು. ನಮ್ಮ ಡಬ್ಬ ಎರಡರಲ್ಲೂ ಫೇಲ್. ಸರಿ, ಸಮಿತಿ ಸಭೆ ಕರೆದರು. ಒಂದನೇ ವಿಷಯ, ರಾಜ್ಯೋತ್ಸವದ ಊಟಕ್ಕೆ ಹೋಳಿಗೆಯೋ ಜಿಲೇಬಿಯೋ. ಅದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಎರಡನೇದು ಕಂಪ್ಯೂಟರ್.

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂದೆ ನಾನು. ಹಳೇ ಯಂತ್ರದಲ್ಲೂ ಓಡುತ್ತೆ, ಕನ್ನಡ ಟೈಪ್ ಮಾಡಬಹುದು, ಉಚಿತ ಕೂಡ.

ಆ ಕೊನೇ ಮಾತು ಆಡಬಾರದಿತ್ತು. ಮರಾಠಿಯಲ್ಲಿ ಉಚಿತ ಅಂದರೆ ಸರಿಯಾದದ್ದು, ತಕ್ಕದ್ದು. ಪುಕ್ಕಟೆ ಸಿಗೋದಕ್ಕೆ ಅವರು ಫುಕಟ್ ಅಂತಾರೆ. ನಮ್ಮ ಉಚಿತದಲ್ಲಿ ಎರಡೂ ಅರ್ಥ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ನಾನು ಹೇಳಿದ್ದು ಮರಾಠಿಯ ಉಚಿತ, ಸಮಿತಿಗೆ ಕೇಳಿಸಿದ್ದು ಫುಕಟ್.

'ಪುಕ್ಕಟೆ ಯಾಕೆ ಕೊಡ್ತಾರೆ?' ಅಂತ ಖಜಾಂಚಿಗಳು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಆಡಿಟ್ ಶುರುವಾಯಿತು ಅಂತ ಅರ್ಥ.

1991ರಲ್ಲಿ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಅಂತ 21 ವರ್ಷದ ಹುಡುಗ ಇದನ್ನು ಶುರು ಮಾಡಿದ, ಮೂಲ ಕೋಡನ್ನೇ ಎಲ್ಲರ ಮುಂದೆ ಇಟ್ಟ, ಜಗತ್ತಿನ ಸಾವಿರಾರು ಜನ ಕೈ ಜೋಡಿಸಿದರು ಅಂತ ವಿವರಿಸಿದೆ.

'ಅವನಿಗೇನು ಲಾಭ?'

ನಮ್ಮ ಖಜಾಂಚಿಗಳು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿ ಬ್ಯಾಂಕ್ ಸೇರಿದವರು. ನಿದ್ದೆಗೆಟ್ಟು ಪಾಠ ಹೇಳಿದ ಆ ಮೇಷ್ಟ್ರಿಗೇನು ಲಾಭ ಇತ್ತು ಅಂತ ಬಾಯಿಗೆ ಬಂತು. ಚಹಾ ಕುಡಿದು ನುಂಗಿಕೊಂಡೆ.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ ಅಂದೆ. 'ಅವರು ಕಮ್ಯುನಿಸ್ಟರಲ್ವಾ ಮಾರಾಯ್ರೆ' ಅಂದರು ಅಧ್ಯಕ್ಷರು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್‌ನ ತಿರುಳು, ಅಂದರೆ ಕರ್ನೆಲ್ಲೇ ಇರೋದು ಅಂದೆ. ಅಧ್ಯಕ್ಷರು ಫೋನನ್ನು ತಿರುಗಿಸಿ ಹಿಂಭಾಗ ನೋಡಿದರು. ಆಮೇಲೆ ಮೆಲ್ಲಗೆ ಮೇಜಿನ ಮೇಲೆ, ತಮ್ಮಿಂದ ಒಂದು ಗೇಣು ದೂರ ಇಟ್ಟರು.

ಸತ್ಯವಾದ ತಕರಾರು ಎತ್ತಿದವರು ನಮ್ಮ ಟೈಪಿಂಗ್ ಅಕ್ಕ ಒಬ್ಬರೇ. ಸಂಘದ ಇಪ್ಪತ್ತು ವರ್ಷದ ಸ್ಮರಣ ಸಂಚಿಕೆಗಳೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿವೆ. ಈಗಿನ ಕಂಪ್ಯೂಟರುಗಳೆಲ್ಲ ಓದಬಲ್ಲ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಬಾಲ, ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು ಕುಣಿಯುತ್ತವೆ. ಇದು ಲಿನಕ್ಸ್ ತಪ್ಪಲ್ಲ, ಹೊಸ ವಿಂಡೋಸಿನಲ್ಲೂ ಇದೇ ಪಾಡು, ಒಮ್ಮೆ ಯೂನಿಕೋಡಿಗೆ ಬದಲಿಸಿದರೆ ಮುಗೀತು ಅಂದೆ. ಬದಲಿಸೋದು ಯಾರು? ಎಲ್ಲರೂ ನನ್ನನ್ನೇ ನೋಡಿದರು. ನಾನು ಫ್ಯಾನ್ ನೋಡಿದೆ.

ಸರಿ, ಹಾಗಾದರೆ ಅಸಲಿ ಲೈಸೆನ್ಸ್ ಇರೋ ಹೊಸ ಕಂಪ್ಯೂಟರ್ರೇ ಕೊಳ್ಳೋಣ ಅಂದೆ. ಸಭೆಯಲ್ಲಿ ಶೋಕಾಚರಣೆಯ ಮೌನ. 'ಕಣ್ಣಿಗೆ ಕಾಣದ ಸಾಮಾನಿಗೆ ಸಾವಿರಗಟ್ಟಲೆ ಕೊಡೋದಾ?' ಅಂದರು ಖಜಾಂಚಿಗಳು. ಕನ್ನಡಕ ಪುನಃ ಕೈಗೆ ಬಂದಿತ್ತು.

ಆಗ ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಮೂರನೇ ದಾರಿ ಹೇಳಿದರು. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್, ಮುಂಬಯಿಯ ಕಂಪ್ಯೂಟರ್ ಸಾಮಾನಿನ ಪೇಟೆ. ಅಲ್ಲಿ ಅವರಿಗೊಬ್ಬ ಹುಡುಗ ಗೊತ್ತು. ಮುನ್ನೂರು ರೂಪಾಯಿಗೆ ವಿಂಡೋಸ್ 11, ಆಫೀಸ್, ಫೋಟೋಶಾಪ್, ಎಲ್ಲಾ ಹಾಕಿಕೊಡ್ತಾನೆ. ಆ ಟಿಪಿಎಂ ಇದೆಯೋ ಇಲ್ಲವೋ ಅಂತ ವಿಂಡೋಸ್ ಕೇಳದ ಹಾಗೂ ಮಾಡ್ತಾನೆ. ಬಿಲ್ಲೂ ಕೊಡ್ತಾನೆ.

'ಬಿಲ್ಲು ಕೊಡ್ತಾನಾ?' ಖಜಾಂಚಿಗಳು ಕನ್ನಡಕ ಹಾಕಿಕೊಂಡರು.

ಠರಾವು ಸರ್ವಾನುಮತದಿಂದ ಪಾಸಾಯಿತು. ಲೆಕ್ಕದ ಪುಸ್ತಕದಲ್ಲಿ 'ಕಂಪ್ಯೂಟರ್ ಸರ್ವಿಸಿಂಗ್, 300 ರೂ.' ಲಿನಕ್ಸ್‌ಗೆ ಬಿಲ್ ಇಲ್ಲ, ಆದ್ದರಿಂದ ಅನುಮಾನ. ಕದ್ದ ಮಾಲಿಗೆ ಬಿಲ್ ಇದೆ, ಆದ್ದರಿಂದ ಪರಮ ಪವಿತ್ರ.

ಹುಡುಗ ಹಾಕುವಾಗ ನಾನೂ ಪಕ್ಕದಲ್ಲಿ ಕೂತಿದ್ದೆ. ಪೆನ್ ಡ್ರೈವ್ ಚುಚ್ಚಿದ. ಮೊದಲು ಆಂಟಿವೈರಸ್ ಆಫ್ ಮಾಡಿದ. ಯಾಕಪ್ಪಾ ಅಂದರೆ, 'ಅದು ಆನ್ ಇದ್ದರೆ ಕ್ರ್ಯಾಕ್ ಹಾಕಲು ಬಿಡಲ್ಲ ಅಂಕಲ್' ಅಂದ. ಕ್ರ್ಯಾಕ್ ಅಂದರೆ ಲೈಸೆನ್ಸಿನ ಬೀಗ ಮುರಿಯೋ ಪ್ರೋಗ್ರಾಂ. ಸೊಸೈಟಿಯ ವಾಚ್‌ಮನ್‌ಗೆ ಕಟಿಂಗ್ ಚಹಾಕ್ಕೆ ಕಾಸು ಕೊಟ್ಟು ಕಳಿಸಿ, ಹಿಂದಿನ ಗೇಟಿನಿಂದ ನೆಂಟರನ್ನು ಕರೆದುಕೊಂಡ ಹಾಗಾಯಿತು. ಬಂದವರು ಯಾರು, ಎಷ್ಟು ದಿನ ಇರ್ತಾರೆ, ರಾತ್ರಿ ಏನು ಮಾಡ್ತಾರೆ, ಯಾರಿಗೂ ಗೊತ್ತಿಲ್ಲ. ಅದೇ ಕಂಪ್ಯೂಟರಿನಲ್ಲಿ ಖಜಾಂಚಿಗಳು ಸಂಘದ ಬ್ಯಾಂಕ್ ಖಾತೆ ತೆರೆಯುತ್ತಾರೆ. ಪಾಸ್‌ವರ್ಡ್ ಹೊಡೆಯುವಾಗ ಮಾತ್ರ ಕೀಬೋರ್ಡಿಗೆ ಎಡಗೈ ಮರೆ ಹಿಡೀತಾರೆ, ನಾನು ನೋಡಬಾರದು ಅಂತ.

ರಾಜ್ಯೋತ್ಸವಕ್ಕೆ ಎರಡು ದಿನ ಇದ್ದಾಗ ಆ ಕ್ರ್ಯಾಕ್ ಕೈ ಕೊಟ್ಟಿತು, ಲೈಸೆನ್ಸ್ ಇಲ್ಲ ಅಂತ ವಿಂಡೋಸಿಗೆ ಗೊತ್ತಾಯಿತು. ಹುಡುಗನ ಫೋನ್ ಸ್ವಿಚ್ ಆಫ್. ಕಾರ್ಯಕ್ರಮದ ದಿನ ದೊಡ್ಡ ಪರದೆಯ ಮೇಲೆ ಭುವನೇಶ್ವರಿಯ ಚಿತ್ರ, ಜೋಗ, ಹಂಪಿ, ಗೋಲಗುಮ್ಮಟ ಒಂದಾದ ಮೇಲೊಂದು ಬಂದವು. ಚಿತ್ರ ಯಾವುದೇ ಇರಲಿ, ಬಲಗಡೆ ಕೆಳಮೂಲೆಯಲ್ಲಿ ಮಾಸಲು ಬಣ್ಣದ ಒಂದು ಸಾಲು ಕದಲದೆ ನಿಂತಿತ್ತು: 'ಆಕ್ಟಿವೇಟ್ ವಿಂಡೋಸ್.' ನಾಡಗೀತೆಗೆ ಎಲ್ಲರೂ ಎದ್ದು ನಿಂತಾಗಲೂ ಅದು ಅಲ್ಲೇ ಇತ್ತು, ತಾಯಿಯ ಪಾದದ ಹತ್ತಿರ.

ಕೊನೆಗೆ ವಂದನಾರ್ಪಣೆ. ಉಪಾಧ್ಯಕ್ಷರು ಊಟದವರಿಗೆ, ಮೈಕಿನವರಿಗೆ, ಹೂವಿನವರಿಗೆ ಧನ್ಯವಾದ ಹೇಳಿದರು. ಆಮೇಲೆ ಪರದೆ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ಓದಿ, 'ಇಡೀ ಸಂಜೆ ನಮ್ಮ ಜೊತೆಗಿದ್ದ ಪ್ರಾಯೋಜಕರಾದ ವಿಂಡೋಸ್‌ನವರಿಗೂ' ಅಂದರು. ಜೋರು ಚಪ್ಪಾಳೆ.

ಖಜಾಂಚಿಗಳು ನನ್ನ ಕಿವಿಯಲ್ಲಿ ಕೇಳಿದರು, 'ಅವರದು ದುಡ್ಡು ಬಂದಿಲ್ಲ ಅಲ್ವಾ? ಒಂದು ರಿಮೈಂಡರ್ ಕಳಿಸೋಣವಾ?'