ಐವತ್ತೊಂದು ಪರ್ಸೆಂಟ್ ವಿಮಾನ

ಅಮೆರಿಕದಲ್ಲಿ ಕಿಟ್ ತರಿಸಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳಬಹುದು. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಇಡುವ ಮುಖ್ಯ ಷರತ್ತು ಎರಡು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು, ಅದೂ ಕಲಿಕೆಗೋ ಮನರಂಜನೆಗೋ ಮಾತ್ರ. ಎರಡು ಬೇಸಿಗೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿ, ಫೈಬರ್‌ಗ್ಲಾಸ್ ಎಂಬ ಗಾಜಿನ ನೂಲಿನ ಬಟ್ಟೆಯ ಪುಡಿಗೆ ಮೈಯೆಲ್ಲ ಕೆರೆದುಕೊಂಡವನು ‘ಮನರಂಜನೆಗಾಗಿ’ ಎಂದು ಸಹಿ ಹಾಕುತ್ತಾನೆ.

ಈ ‘51 ಪರ್ಸೆಂಟ್’ ಗಂಟೆಯ ಲೆಕ್ಕವಲ್ಲ, ತೂಕದ್ದಲ್ಲ, ದುಡ್ಡಿನದಂತೂ ಅಲ್ಲವೇ ಅಲ್ಲ. ಕೆಲಸಗಳ ಒಂದು ಪಟ್ಟಿ ಇದೆ, ಅದರ ಲೆಕ್ಕ. ಕಾರ್ಖಾನೆಯ ಅಚ್ಚಿನಿಂದ ವಿಮಾನದ ಒಡಲು ಎರಡು ಹೋಳಾಗಿ ಸಿದ್ಧವಾಗಿ ಬರಲಿ, ಪಟ್ಟಿ ತುಂಬಿದರಾಯಿತು. ಭಟ್ಟರು ಹುಳಿ ಕುದಿಸಿ ಇಳಿಸಿದ ಮೇಲೆ ಇಂಗಿನೊಗ್ಗರಣೆ ಕೊಟ್ಟವರೂ ಅಡುಗೆಯವರೇ ತಾನೆ! ದುಡ್ಡು ಕೊಟ್ಟು ಕರೆಸಿದ ಪರಿಣತ ಬೆರಳು ತೋರಿಸಿದರೆ ಪಾಠ. ಅವನೇ ಕೈ ಹಚ್ಚಿದರೆ ಕೂಲಿ, ಅದು ನಿಮ್ಮ ಲೆಕ್ಕಕ್ಕೆ ಸೇರದು.

ಎಂಜಿನ್, ರೇಡಿಯೊ, ಸೀಟಿನ ಹೊದಿಕೆ, ಬಣ್ಣ ಇವೂ ಲೆಕ್ಕಕ್ಕಿಲ್ಲ. ಬಣ್ಣವನ್ನು ಬಿಟ್ಟದ್ದಂತೂ ಸೊಗಸು. ಆ ಬಟ್ಟೆಯ ಪದರಗಳನ್ನು ಅಂಟಿಸುವ ರಾಳ ಎಪಾಕ್ಸಿ. ಕೋಣೆಯ ಶಾಖದಲ್ಲೇ ಗಟ್ಟಿಯಾದ ಎಪಾಕ್ಸಿ ಬಿಸಿಲಿಗೆ ಕಾದರೆ ಮೆತ್ತಗಾಗುತ್ತದೆ. ವಿಮಾನ ವಿನ್ಯಾಸಕ ಬರ್ಟ್ ರುಟಾನ್‌ನ ಲಾಂಗ್-ಈಜಿ ಎಂಬ ಮನೆಯಲ್ಲೇ ಕಟ್ಟುವ ವಿಮಾನಗಳು ಬಿಳಿ ಬಳಿದುಕೊಂಡು ನಿಲ್ಲುವುದು ಮಡಿಗಾಗಿ ಅಲ್ಲ. ಅದೇ ರೆಕ್ಕೆಗೆ ಕಪ್ಪು ಬಳಿದು ಮಧ್ಯಾಹ್ನ ಹೊರಗೆ ನಿಲ್ಲಿಸಿ, ಲೆಕ್ಕಕ್ಕಿಲ್ಲದ ಬಣ್ಣ ಏನು ಮಾಡುತ್ತದೆಂದು ಗೊತ್ತಾಗುತ್ತದೆ.

ವಿಮಾನದ ಹಣೆಬರಹ ಬರೆಯುವುದು ಎಪಾಕ್ಸಿ ಕಲಸುವ ಒಂದು ಪ್ಲಾಸ್ಟಿಕ್ ಲೋಟ. ಎಂಜಿಎಸ್ 285 ಎಂಬ ಎಪಾಕ್ಸಿ ಆದರೆ 100 ಗ್ರಾಂ ರೆಸಿನ್‌ಗೆ, ಅಂದರೆ ರಾಳಕ್ಕೆ, ಅದನ್ನು ಗಟ್ಟಿಮಾಡುವ ಹಾರ್ಡನರ್ 40 ಗ್ರಾಂ, ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಬೇಗ ಗಟ್ಟಿಯಾಗಲೆಂದು ಇನ್ನೊಂದು ಚಮಚ ಸುರಿದರೆ ಬೇಗವೇನೂ ಆಗದು, ಜೋಡಣೆ ಮಾತ್ರ ದುರ್ಬಲವಾಗುತ್ತದೆ. ಒಂದೇ ಲೋಟದಲ್ಲಿ ಜಾಸ್ತಿ ಕಲಸಿಟ್ಟರೆ ತನ್ನ ಶಾಖಕ್ಕೆ ತಾನೇ ಹೊಗೆಯೇಳುತ್ತದೆ. ಬಟ್ಟೆ ನೆನೆಯಬೇಕು, ತೇಲಬಾರದು. ಹೆಚ್ಚಾದ ರೆಸಿನ್ ಬಲ ಕೊಡದು, ಭಾರ ಮಾತ್ರ ಕೊಡುತ್ತದೆ. ಕಡಿಮೆಯಾದರೆ ನೂಲು ಬೆಳ್ಳಗೆ ಒಣಗಿ ಕಾಣುತ್ತದೆ. ಹೆಚ್ಚಿನ ರೆಸಿನ್ ಬಳಿದು ತೆಗೆಯುವ ಸ್ಕ್ವೀಜಿಯಿಂದ ಎಷ್ಟು ಎಳೆಯಬೇಕೆಂಬುದನ್ನು ಕೈಯೇ ಕಲಿಯಬೇಕು.

ತಪಾಸಣೆಗೆ ಅಧಿಕಾರಿ ಬರುವ ಹೊತ್ತಿಗೆ ರೆಕ್ಕೆ ಮುಚ್ಚಿ, ಉಜ್ಜಿ, ಬಣ್ಣವೂ ಆಗಿರುತ್ತದೆ. ಒಳಗಿನದಕ್ಕೆ ಸಾಕ್ಷಿ ಕಟ್ಟಿದವನ ಲಾಗ್‌ಬುಕ್ಕು, ಫೋಟೊ. ಹೊರಗಿನದಕ್ಕೋ, ನಿಯಮ ಬಲು ಖಡಕ್ಕು: ಬಾಗಿಲ ಬಳಿಯ ‘ಎಕ್ಸ್‌ಪೆರಿಮೆಂಟಲ್’ ಎಂಬ ಅಕ್ಷರ 2 ಇಂಚಿಗಿಂತ ಗಿಡ್ಡ ಇರಕೂಡದು, 6 ಇಂಚು ಮೀರಕೂಡದು. ಒಳಗೆ, ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ತಕ್ಕಂತಿಲ್ಲ ಎಂದು ಪ್ರಯಾಣಿಕರಿಗೊಂದು ಫಲಕ. ಓದಿ ಬೆಲ್ಟ್ ಕಟ್ಟಿಕೊಳ್ಳತಕ್ಕದ್ದು.

ಪದರ ಬಿಟ್ಟಿದೆಯೇ ಎಂದು ನೋಡಲು ಹಳೇ ಉಪಾಯವೊಂದಿದೆ, ಕ್ವಾರ್ಟರ್. ತಪ್ಪು ತಿಳಿಯಬೇಡಿ, ಅಲ್ಲಿ ಅದು 25 ಸೆಂಟಿನ ನಾಣ್ಯ. ರೆಕ್ಕೆಯುದ್ದಕ್ಕೂ ತಟ್ಟುತ್ತ ಹೋಗಿ. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಪೆನ್ಸಿಲಿನಿಂದ ಅಲ್ಲೇ ಒಂದು ಸುತ್ತು ಹಾಕಿ. ಅಷ್ಟು ಹೊತ್ತಿಗೆ ಅಧಿಕಾರಿ ಸ್ಕೇಲು ಹಿಡಿದು ಬಾಗಿಲ ಹತ್ತಿರ ಬಗ್ಗಿರುತ್ತಾನೆ.