ಇಚಿ, ನಿ, ಸಾನ್

ಕರಾಟೆ ಮಾಸ್ಟರ್ ಅಂದರೆ ಹಂಚು ಒಡೆಯುವವ ಅಂತ ನಮ್ಮ ಬದಿಯಡ್ಕದ ಕಡೆ ಒಂದು ನಂಬಿಕೆ ಉಂಟು. ಮದುವೆ ಊಟಕ್ಕೆ ಕೂತರೆ ಪಕ್ಕದವರು ಮೊದಲು ಕೇಳುವುದೇ ಅದು. "ಒಂದೇಟಿಗೆ ಎಷ್ಟು ಹಂಚು?" ಆಮೇಲೆ, "ಯಾರಿಗಾದರೂ ಹೊಡೆದದ್ದು ಉಂಟಾ?" ಒಡೆದದ್ದಿಲ್ಲ, ಹೊಡೆದದ್ದೂ ಇಲ್ಲ ಅಂದರೆ ಅವರ ಗಮನ ಹೋಳಿಗೆಯ ಕಡೆ ತಿರುಗುತ್ತದೆ. ಹಾಗಾದರೆ ವಾರವಿಡೀ ನೀವು ಮಾಡುವುದೆಂತ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳಬಹುದಿತ್ತು. ನಾನು ಎಣಿಸುತ್ತೇನೆ.

ಹಗಲು ನನಗೆ ಸೊಸೈಟಿಯಲ್ಲಿ ಕೆಲಸ. ಅಲ್ಲಿ ನೋಟು ಎಣಿಸಲು ಮೆಷಿನ್ ಬಂದಿದೆ. ಸಂಜೆ ಶಾಲೆಯ ಹಾಲಿನಲ್ಲಿ ಮಕ್ಕಳ ಎದುರು ಎಣಿಸಲು ಇನ್ನೂ ಬಂದಿಲ್ಲ. ಹಾಗಾಗಿ ವಾರದಲ್ಲಿ ಎರಡು ಸಂಜೆ ನಾನು ನಿಂತು ಇಚಿ, ನಿ, ಸಾನ್, ಶಿ, ಗೋ ಅನ್ನುತ್ತೇನೆ. ಮಕ್ಕಳು ಪಂಚ್ ಹಾಕುತ್ತಾರೆ. ರೊಕು, ಶಿಚಿ, ಹಾಚಿ, ಕ್ಯೂ, ಜೂ. ಹತ್ತಾಯಿತು. ಕಾಲು ಬದಲಿಸಿ ಪುನಃ ಇಚಿ. ಮೊದಲ ಸಲ ಬಂದ ಮಗು 'ನೀ' ಅಂದ ಕೂಡಲೇ "ನಾನಾ?" ಅಂತ ಎದೆ ಮುಟ್ಟಿಕೊಂಡು ಮುಂದೆ ಬರುವುದುಂಟು. ಇಲ್ಲಿ ಒಂದು ಸಾಲಿನಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ ಎಲ್ಲ ಮಾತಾಡುವ ಮಕ್ಕಳಿರುತ್ತಾರೆ. ಯಾರ ಮನೆಯಲ್ಲೂ ಇಲ್ಲದ ಜಪಾನಿ ಸಂಖ್ಯೆಗಳ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಸುಮ್ನೆ ಎಣಿಸುವುದು ಅಂದುಕೊಳ್ಳಬೇಡಿ. ಎಣಿಕೆಯಲ್ಲಿ ಹದ ಇರಬೇಕು. ಒಂದೇ ಸಮ ಗ್ಯಾಪು ಬಿಟ್ಟು ಎಣಿಸಿದರೆ ಮಕ್ಕಳು ನಾಲ್ಕನೆಯದಕ್ಕೇ ಕಿಟಕಿಯ ಹೊರಗೆ ನೋಡಲು ಶುರು ಮಾಡುತ್ತಾರೆ, ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಹಾಗಾಗಿ 'ಗೋ' ಹೇಳಿ ಸ್ವಲ್ಪ ತಡೆಯಬೇಕು. ಆಗ ಅರ್ಧ ಸಾಲು 'ರೊಕು' ಬರುವ ಮೊದಲೇ ಕೈ ಚಾಚಿ ಸಿಕ್ಕಿಬೀಳುತ್ತದೆ, ಉಳಿದರ್ಧ ನಗುತ್ತದೆ. ಆಮೇಲಿನ ನಾಲ್ಕು ಎಣಿಕೆಗೆ ಎಲ್ಲರೂ ಕಿವಿ ಕೊಡುತ್ತಾರೆ. ವಿಸಿಲ್ ಊದುವ ಮಾಸ್ಟರರನ್ನೂ ನೋಡಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ಬಾಯಲ್ಲಿ ಎಣಿಸಿದರೆ ಎಣಿಸುವವನಿಗೂ ದಮ್ಮು ಬೇಕಲ್ಲ, ಅಷ್ಟಾದರೂ ನ್ಯಾಯ ಬೇಡವಾ?

ಇಷ್ಟೆಲ್ಲ ಮಾಡುವಾಗ ಇದು ಸಾವಿರ ವರ್ಷದ ಪದ್ಧತಿ ಅನ್ನುವ ಭಾವನೆ ಬರುತ್ತದೆ. ಆದರೆ ಹಾಗೇನೂ ಇಲ್ಲ. ಕರಾಟೆ ಹುಟ್ಟಿದ ಜಪಾನಿನ ಒಕಿನಾವಾ ದ್ವೀಪದಲ್ಲಿ ಮೊದಲು ಒಬ್ಬ ಗುರು, ಬೆರಳೆಣಿಕೆಯ ಶಿಷ್ಯರು. ಸಾಲುಗಟ್ಟಿ ನಿಲ್ಲಿಸಿ ಎಣಿಸುವ ಅಗತ್ಯವೇ ಇರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇತೊಸು ಅಂಕೋ ಎಂಬವರು ಕರಾಟೆಯನ್ನು ಶಾಲೆಗೆ ತಂದರು. ಶಾಲೆಗಳಲ್ಲಿ ಇದನ್ನು ಯಾಕೆ ಕಲಿಸಬೇಕು ಅಂತ 1908ರಲ್ಲಿ ಒಂದು ಪತ್ರವನ್ನೇ ಬರೆದರು. ಅವರ ಶಿಷ್ಯ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಹೋಗಿ ಇದನ್ನು ಪ್ರದರ್ಶಿಸಿದರು. ನಾನು ಕಲಿಸುವ ಶೋಟೊಕಾನ್ ಶೈಲಿ ಅವರಿಂದ ಬಂದದ್ದು. ಅವರು ಮೂಲತಃ ಶಾಲಾ ಮಾಸ್ಟ್ರು! ಸಾಲು, ಎಣಿಕೆ, 'ಪುನಃ ಮಾಡು' ಎಲ್ಲ ಎಲ್ಲಿಂದ ಬಂತು ಅಂತ ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ನಾನು ಎಣಿಸುವುದಿಲ್ಲ. ಅಂದು ಕೇರಳದ ಸಮರಕಲೆ ಕಳರಿಪಯಟ್ಟು ಕಲಿಯಲು ಒಂದು ಕಳರಿಗೆ ಹೋಗುತ್ತೇನೆ. ಬಲಗಾಲಿಟ್ಟು ಒಳಗಿಳಿಯಬೇಕು. ನೆಲ ಅಗೆದು ಮಾಡಿದ ಕಳರಿ, ಶಾಸ್ತ್ರದ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅಂದರೆ ದೇವರ ಪೀಠ. ಆಟಿ ತಿಂಗಳ ಮಳೆಯಲ್ಲಿ ಮೈಗೆ ಎಣ್ಣೆ ಹಚ್ಚಿ ನಿಂತರೆ ಸೆಕೆಯೂ ಇಲ್ಲ ಚಳಿಯೂ ಇಲ್ಲ. ಅಲ್ಲಿ ಸಂಖ್ಯೆಯೇ ಇಲ್ಲ. ಗುರುಕ್ಕಳ್ ವಾಯ್ತಾರಿ ಹೇಳುತ್ತಾರೆ. ಎಡಕ್ಕೆ ತಿರುಗು, ಬಲಗಾಲು ಎತ್ತು, ತಗ್ಗಿ ಕೂರು, ಏಳು ಅನ್ನುವುದನ್ನೆಲ್ಲ ಮಲಯಾಳದಲ್ಲಿ ಒಂದಕ್ಕೊಂದು ಪೋಣಿಸಿ, ರಾಗದ ಹಾಗೆ, ಉಸಿರು ಬಿಡದೆ. ಹೇಳುವವರ ಉಸಿರು ಮುಗಿಯುವವರೆಗೆ ಮಾಡುವವನ ಮೈ ನಿಲ್ಲುವ ಹಾಗಿಲ್ಲ.

ಇದಕ್ಕೆ ಒಗ್ಗಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಎಣಿಕೆಯಲ್ಲಿ ಒಂದು ಸುಖ ಉಂಟು ನೋಡಿ. ಏಳು ಅಂದರೆ ಇನ್ನು ಮೂರೇ ಬಾಕಿ. ವಾಯ್ತಾರಿಯಲ್ಲಿ ಬಾಕಿ ಎಷ್ಟು ಅಂತ ಗೊತ್ತಾಗುವುದಿಲ್ಲ. ಎಂಟಕ್ಕೆ ಸುಸ್ತಾಗಬೇಕು ಅಂತ ಅಭ್ಯಾಸವಾದ ಮೈಗೆ ಇಲ್ಲಿ ಯಾವಾಗ ಸುಸ್ತಾಗಬೇಕು ಅನ್ನುವುದೇ ತಿಳಿಯುವುದಿಲ್ಲ. ಕಲಿಕೆಯ ಕ್ರಮವೂ ಉಲ್ಟಾ. ಕರಾಟೆಯಲ್ಲಿ ಮೊದಲ ದಿನವೇ ಬರಿಗೈ. ವಡಕ್ಕನ್, ಅಂದರೆ ಉತ್ತರದ ಕಳರಿಯಲ್ಲಿ ಮೈ ಪಳಗಿಸುವ ಮೈತ್ತಾರಿ, ಕೋಲಿನ ಕೋಲ್ತಾರಿ, ಕತ್ತಿಯಂಥ ಲೋಹದ ಆಯುಧಗಳ ಅಂಗತ್ತಾರಿ ಎಲ್ಲ ದಾಟಿ ಕೊನೆಗೆ ಬರಿಗೈ, ವೆರುಂಕೈ. ನಾನಿನ್ನೂ ಕೋಲಿನ ಹತ್ತಿರ ಇದ್ದೇನೆ.

ಭಾನುವಾರ ಬೆಳಿಗ್ಗೆ ಚೆರ್ಕಳದ ದಾರಿಯಾಗಿ ಕಾಸರಗೋಡಿಗೆ ಬಸ್ಸು. ಅಲ್ಲಿ ನಮ್ಮ ಹಿರಿಯ ಮಾಸ್ಟರರ ಎದುರು ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಅವರು ಎಣಿಸುತ್ತಾರೆ. ಅವರದು ಬಹಳ ಮೆಲು ದನಿ. 'ಕ್ಯೂ' ಆದ ಮೇಲೆ 'ಜೂ' ಹೇಳಲು ಅವರಿಗೆ ಯಾವತ್ತೂ ಅವಸರ ಇಲ್ಲ. ಕಿಬಾ ದಾಚಿಯಲ್ಲಿ, ಅಂದರೆ ಕಾಲು ಅಗಲಿಸಿ ಮೊಣಕಾಲು ಬಗ್ಗಿಸಿ ಕುದುರೆ ಸವಾರನ ಹಾಗೆ, ಕೂತ ನಮ್ಮ ತೊಡೆ ನಡುಗುತ್ತಿರುವಾಗ ಅವರು ಒಬ್ಬನ ಬೆಲ್ಟಿನ ಗಂಟು ಸರಿ ಮಾಡಿ, ಫ್ಯಾನಿನ ಸ್ವಿಚ್ ನೋಡಿ, ಆಮೇಲೆ 'ಜೂ' ಅನ್ನುತ್ತಾರೆ.

ಬೆಲ್ಟ್ ಟೆಸ್ಟ್ ಹತ್ತಿರ ಬಂದಾಗ ಈ ಎಣಿಕೆಯೇ ಒಂದು ತೊಂದರೆಯಾಗುತ್ತದೆ. ಕಟಾ ಅಂದರೆ ಗೊತ್ತುಮಾಡಿದ ಚಲನೆಗಳ ಒಂದು ಸರಪಣಿ. ಮಕ್ಕಳ ಮೊದಲ ಕಟಾ ಹೆಯಾನ್ ಶೋದಾನ್, 21 ಚಲನೆ. ಒಂಬತ್ತನೆಯದಕ್ಕೂ ಹದಿನೇಳನೆಯದಕ್ಕೂ ಕಿಯಾ ಅಂತ ಕೂಗಬೇಕು. ನಾನು ಎಣಿಸಿದರೆ ಇಡೀ ಹಾಲು ಗಡಿಯಾರದ ಹಾಗೆ ನಡೆಯುತ್ತದೆ. "ಈಗ ಎಣಿಕೆ ಇಲ್ಲದೆ" ಅಂದ ಕೂಡಲೇ ಪೂರ್ತಿ ಗಲಾಟೆ. ಒಬ್ಬ ಎರಡೇ ಹೆಜ್ಜೆಗೆ ನಿಂತು ನನ್ನ ಬಾಯಿ ನೋಡುತ್ತಾನೆ, ಇನ್ನೊಬ್ಬಳು ಮುಗಿಸಿಯೇ ಬಿಟ್ಟಿರುತ್ತಾಳೆ, ಕಿಯಾಗಳು ಬೇಕಾದಲ್ಲಿ ಬೀಳುತ್ತವೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ಒಕಿನಾವಾದ ರ್ಯೋ ಕಿಯುನಾ ಕಟಾದಲ್ಲಿ ಚಿನ್ನ ಗೆದ್ದರಲ್ಲ, ಅವರಿಗೆ ಯಾರೂ ಎಣಿಸಿ ಕೊಡಲಿಲ್ಲ. ಎಲ್ಲಿ ನಿಧಾನ, ಎಲ್ಲಿ ವೇಗ ಅನ್ನುವುದೆಲ್ಲ ಅವರ ಒಳಗೇ ಇತ್ತು. ವಿಡಿಯೋ ತೋರಿಸಿದೆ. ಮಕ್ಕಳಿಗೆ ಅವರ ಕಣ್ಣು ನೋಡಿ ಹೆದರಿಕೆಯಾಯಿತೇ ಹೊರತು ಹೆಚ್ಚಿನ ಲಾಭವಾಗಲಿಲ್ಲ.

ನಮ್ಮಲ್ಲಿ ಎಣಿಕೆ ಇಲ್ಲದೆ ಸರಿಯಾಗಿ ಮಾಡುವವ ಒಬ್ಬನೇ, ಚೆಂಡೆ ಕಲಿಯಲು ಹೋಗುವ ಹುಡುಗ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕ, ಹಾಗಾಗಿ ಯಕ್ಷಗಾನದ ಹುಚ್ಚಿರುವ ಮಕ್ಕಳಿಗೆ ಬರಗಾಲವಿಲ್ಲ. "ನಿಮ್ಮ ಇಚಿ ನಿ ಸಾನ್ ಝಂಪೆ ತಾಳಕ್ಕೆ ಕೂರ್ತದೆ ಮಾಸ್ಟ್ರೇ, ಅದಕ್ಕೂ ಹತ್ತೇ ಅಕ್ಷರ" ಅಂದ ಅವನು. ಕೂತರೆ ಒಳ್ಳೆಯದೇ. ಆದರೆ ಪಂಚ್ ಹಾಕುವಾಗ ತಲೆ ತೂಗಬಾರದು ಅಂತ ಅವನಿಗೆ ಹೇಳಿ ಹೇಳಿ ಸಾಕಾಗಿದೆ.

ಈಗ ಎಣಿಸುವ ಕೆಲಸವನ್ನು ಮಕ್ಕಳಿಗೇ ಹಂಚಿದ್ದೇನೆ. ಎಲ್ಲರೂ ವೃತ್ತದಲ್ಲಿ ನಿಲ್ಲುವುದು, ಒಬ್ಬೊಬ್ಬರು ಹತ್ತು ಎಣಿಸುವುದು, ಮನೆಯ ಮಾತಿನಲ್ಲಿ ಎಣಿಸಿದರೂ ಆದೀತು. ಆಗ ಒಬ್ಬೊಬ್ಬರ ಗುಣ ಹೊರಗೆ ಬರುತ್ತದೆ. ಪಾಪದ ಹುಡುಗನೊಬ್ಬ ಗೆಳೆಯರ ಕಾಲು ನೋಯಬಾರದು ಅಂತ ಒನ್ನ್, ರಂಡ್, ಮೂನ್ನ್ ಅಂತ ಹತ್ತನ್ನೂ ಒಂದೇ ಉಸಿರಿಗೆ ಮುಗಿಸುತ್ತಾನೆ. ಸಾಲಿನಲ್ಲೇ ಸಣ್ಣವಳು ಒಬ್ಬಳು ಇದ್ದಾಳೆ, ಹಳದಿ ಬೆಲ್ಟ್ ಈಗಷ್ಟೇ ಸಿಕ್ಕಿದ್ದು. ಅವಳು ಎಲ್ಲರನ್ನೂ ಕಿಬಾ ದಾಚಿಯಲ್ಲಿ ಕೂರಿಸಿ ತುಳುವಿನಲ್ಲಿ ಶುರು ಮಾಡಿದಳು. ಒಂಜಿ. ರಡ್ಡ್. ಮೂಜಿ. ನಡುವೆ ಕೂದಲು ಸರಿ ಮಾಡಿಕೊಂಡಳು. ಎಣ್ಮ. ಒರ್ಂಬ. ಅಷ್ಟಕ್ಕೆ ನಿಲ್ಲಿಸಿ, ದೊಡ್ಡ ಹುಡುಗರ ಮೊಣಕಾಲು ನೋಡುತ್ತಾ ಒಂದು ಸುತ್ತು ಬಂದಳು. "ಇವ ಎದ್ದ. ಪುನಃ ಒಂಜಿಯಿಂದ." ಕರೆದುಕೊಂಡು ಹೋಗಲು ಬಂದ ಅಮ್ಮ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು. ಅವಳು ಆ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ನಗುತ್ತಿದ್ದ ನನ್ನ ಕಡೆ ತಿರುಗಿ, "ನೀವೂ ಕೂರಿ ಮಾಸ್ಟ್ರೇ" ಅಂದಳು.

ಕೂತೆ.