ಎಂಟರ್ ಒತ್ತಿದರೆ ಬಲಕ್ಕೆ ಹೋಗಬೇಕಾ, ಕೆಳಕ್ಕಾ?

"ಮಾರಾಯಾ, ಈ ವಾರ ನಮ್ಮ ತೋಟದಲ್ಲಿ ಸೋಮವಾರ ಒಂದೇ ದಿನ ಕೆಲಸ ಆದ ಹಾಗಿದೆ ನೋಡು."

ಅಮ್ಮತ್ತಿ ಕಡೆಯ ಒಂದು ತೋಟದ ರೈಟ್ರು ಶನಿವಾರ ಮಧ್ಯಾಹ್ನ ಫೋನ್ ಮಾಡಿ ಹೇಳಿದ ಮಾತಿದು. ಸಂಜೆ ಬಟವಾಡೆ. ಕೆಲಸದವರು ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಲೆಕ್ಕ ಮುಗಿದಿರಬೇಕು. (ಹೊರಗಿನ ಗೆಳೆಯರಿಗೆ ಒಂದು ಮಾತು: ನಮ್ಮ ಕೊಡಗಿನಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಕಾಫಿ ತೋಟದ ಹಾಜರಿ, ಕೂಲಿ, ಗೊಬ್ಬರ, ಕೊಯ್ಲಿನ ತೂಕ ಎಲ್ಲದರ ಲೆಕ್ಕ ಇಡುವವರು.)

ಗೋಣಿಕೊಪ್ಪದ ನನ್ನ ಅಂಗಡಿಯ ಶಟರ್ ಎಳೆದು ಬೈಕ್ ಹತ್ತಿದೆ. ಹೋಗಿ ನೋಡಿದರೆ ರೈಟ್ರು ಹೇಳಿದ್ದು ಸರಿಯೇ. ಎಕ್ಸೆಲ್ ಹಾಳೆಯಲ್ಲಿ ಎಡಗಡೆ 42 ಹೆಸರು, ಮೇಲೆ ಸೋಮವಾರದಿಂದ ಶನಿವಾರ. ಸೋಮವಾರದ ಕಾಲಂ ಮಾತ್ರ ತುಂಬಿದೆ. ತುಂಬಿ ಅಲ್ಲಿಗೇ ನಿಂತಿಲ್ಲ. 42 ಹೆಸರು ಮುಗಿದ ಮೇಲೂ ಹೆಸರೇ ಇಲ್ಲದ ಸಾಲುಗಳಲ್ಲಿ ಒಂದು, ಒಂದು, ಅರ್ಧ, ಸೊನ್ನೆ ಅಂತ ಕೆಳಗೆ ಕೆಳಗೆ ಇಳಿದುಕೊಂಡು ಹೋಗಿದೆ. ಮಂಗಳವಾರದಿಂದ ಆಚೆ ಪೂರ್ತಿ ಖಾಲಿ.

ರೈಟ್ರು ಪರದೆ ನೋಡಿಕೊಂಡು ಟೈಪ್ ಮಾಡುವವರಲ್ಲ. ಕಣ್ಣು ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಮೇಲೆ, ಬಲಗೈ ಕೀಬೋರ್ಡಿನ ಅಂಕಿಗಳ ಮೇಲೆ. ಒಬ್ಬೊಬ್ಬರಿಗೆ ಆರು ದಿನದ ಹಾಜರಿ, ಆರು ಸಲ ಎಂಟರ್. ಆಮೇಲೆ ಹೋಮ್, ಕೆಳಗಿನ ಬಾಣ, ಬಲಗಡೆಯ ಬಾಣ. ಮುಂದಿನ ಹೆಸರು. ಹದಿನೈದು ವರ್ಷದಿಂದ ಇದೇ ತಾಳ. ಅವರ ಹಳೇ ಕಂಪ್ಯೂಟರ್‌ನಲ್ಲಿ ಎಂಟರ್ ಒತ್ತಿದರೆ ಬಲಗಡೆ ಹೋಗುತ್ತಿತ್ತು. ಆದರೆ ಎಕ್ಸೆಲ್ ಹೊಸದಾಗಿ ಹಾಕಿದಾಗ ಎಂಟರ್ ಕೆಳಗಡೆ ಹೋಗುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಅಂತ ಒಳಗೆ ಹೋದರೆ ಶುರುವಿನಲ್ಲೇ ಅದನ್ನು ಬದಲಿಸುವ ಜಾಗ ಇದೆ. ಹದಿನೈದು ವರ್ಷದ ಹಿಂದೆ ಬದಲಿಸಿ ಕೊಟ್ಟವನು ನಾನೇ. ನನಗದು ಮರೆತೇ ಹೋಗಿತ್ತು. ಹಿಂದಿನ ವಾರ ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಸಿಡಿಲಿಗೆ ಆ ಕಂಪ್ಯೂಟರ್ ಸುಟ್ಟುಹೋದಾಗ ಹೊಸದನ್ನು ತಂದು ಜೋಡಿಸಿದವನೂ ನಾನೇ. ಬ್ಯಾಕಪ್‌ನಿಂದ ಫೈಲ್‌ಗಳನ್ನೆಲ್ಲ ಜೋಪಾನವಾಗಿ ತಂದು ಹಾಕಿದ್ದೆ. ಎಂಟರ್ ಎತ್ತ ಹೋಗಬೇಕು ಅನ್ನುವುದು ಮಾತ್ರ ಆ ಫೈಲ್‌ಗಳ ಒಳಗೆ ಇರುವುದಿಲ್ಲ.

"ನಿಮ್ಮ ಸೆಟ್ಟಿಂಗ್ ಹೋಗಿದೆ ರೈಟ್ರೇ" ಅಂದೆ.

"ಯಾವ ಸೆಟ್ಟಿಂಗ್?" ಅಂದರು.

ಸರಿ ಮಾಡಿಕೊಟ್ಟು ಬಂದೆ. ಸೋಮವಾರ ಅದೇ ತೋಟದಿಂದ ಇನ್ನೊಂದು ಫೋನ್. ಈ ಸಲ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿ, ಬಿ.ಕಾಂ. ಮುಗಿಸಿದವಳು. "ಅಣ್ಣಾ, ನೀವು ಬಂದು ಹೋದ ಮೇಲೆ ಕಂಪ್ಯೂಟರ್ ಕೆಟ್ಟಿದೆ. ಎಂಟರ್ ಒತ್ತಿದರೆ ಪಕ್ಕಕ್ಕೆ ಓಡುತ್ತೆ." ಅವಳು ಮೂಟೆಗಳ ತೂಕವನ್ನು ಒಂದರ ಕೆಳಗೊಂದು ಹಾಕುವವಳು. ಒಂದೇ ಕಂಪ್ಯೂಟರ್, ಇಬ್ಬರು, ಒಬ್ಬರಿಗೆ ಸರಿ ಇದ್ದದ್ದು ಇನ್ನೊಬ್ಬರಿಗೆ ರಿಪೇರಿ ಕೇಸು. ವಿಂಡೋಸ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಟ್ಟೆ. ಆ ಸೆಟ್ಟಿಂಗ್ ಯೂಸರ್‌ಗೆ ತಕ್ಕ ಹಾಗೆ ಉಳಿಯುತ್ತದೆ, ಅದೊಂದು ಪುಣ್ಯ.

ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಸಾಫ್ಟ್‌ವೇರ್ ಮಾಡುವವರು ಡಿಫಾಲ್ಟ್ ಅಂತ, ಅಂದರೆ ನಾವು ಏನೂ ಬದಲಿಸದಿದ್ದರೆ ಇರುವ ಸೆಟ್ಟಿಂಗ್ ಅಂತ, ಒಂದನ್ನು ಇಟ್ಟು ಕಳಿಸುತ್ತಾರಲ್ಲ, ಅದನ್ನು ಯಾರಿಗೋಸ್ಕರ ಇಡಬೇಕು? ನಿನ್ನೆ ಮೊನ್ನೆ ಬಂದವರಿಗಾ, ಇಪ್ಪತ್ತು ವರ್ಷದಿಂದ ಬಳಸುತ್ತಿರುವವರಿಗಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಿಫಾಲ್ಟ್ ಹೊಸಬರದ್ದು. ಆದರೆ ಹಳಬರ ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವುದನ್ನು ಅವರನ್ನು ಕೇಳದೆ ಮುಟ್ಟಬಾರದು. ಇವೆರಡೂ ಬೇರೆ ಬೇರೆ ಮಾತು. ಜಗಳ ಆಗುವಾಗ ಎಲ್ಲರೂ ಎರಡನ್ನೂ ಕಲಸಿಬಿಡುತ್ತಾರೆ.

ಹೊಸಬರದ್ದು ಯಾಕೆ ಅಂದರೆ, ಅವರಿಗೆ ಬದಲಿಸಬಹುದು ಅನ್ನುವುದೇ ಗೊತ್ತಿರುವುದಿಲ್ಲ. ಆ ಹುಡುಗಿಗೆ ಡಿಫಾಲ್ಟ್ ಅಂದರೆ ಹಲವು ಆಯ್ಕೆಗಳಲ್ಲಿ ಒಂದಲ್ಲ. ಕಂಪ್ಯೂಟರ್ ಇರುವುದೇ ಹಾಗೆ. ಕಷ್ಟ ಆದರೆ "ನನಗೆ ಬರಲ್ಲ" ಅಂದುಕೊಳ್ಳುತ್ತಾರೆಯೇ ಹೊರತು "ಇದರ ಸೆಟ್ಟಿಂಗ್ ಸರಿಯಿಲ್ಲ" ಅನ್ನುವುದಿಲ್ಲ. ಪ್ರೋಗ್ರಾಂ ಬರೆಯುವವರ ಲೋಕದಲ್ಲೂ ಇದೇ ಕಥೆ. ಪ್ರೋಗ್ರಾಂ ಬರೆದು ತಿದ್ದಲು ವಿಮ್ ಅಂತ ಒಂದು ಎಡಿಟರ್ ಇದೆ. ಅದರಿಂದ ಹೊರಗೆ ಬರುವುದು ಹೇಗೆ ಅನ್ನುವ ಒಂದೇ ಒಂದು ಪ್ರಶ್ನೆಯನ್ನು ಸ್ಟಾಕ್ ಓವರ್‌ಫ್ಲೋ ಅನ್ನುವ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣದಲ್ಲಿ 2017ರ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಜಾಸ್ತಿ ಸಲ ಜನ ತೆರೆದು ನೋಡಿದ್ದರು. ಬಾಗಿಲು ಎಲ್ಲಿದೆ ಅಂತ ಕೇಳಿದವರು ಅಷ್ಟು! ಇಮ್ಯಾಕ್ಸ್ ಅಂತ ಇನ್ನೊಂದು, 1985ರಿಂದ ಇರುವ ಗ್ನೂ ಇಮ್ಯಾಕ್ಸ್. ಅದರಲ್ಲಿ ಕಟ್ ಮಾಡುವುದಕ್ಕೆ ಕಿಲ್ ಅಂತಾರೆ, ಪೇಸ್ಟ್‌ಗೆ ಯಾಂಕ್. ಕಂಟ್ರೋಲ್ ಸಿ, ಕಂಟ್ರೋಲ್ ವಿ ನಮಗೆ ಗೊತ್ತಿರುವ ಕೆಲಸ ಮಾಡುವುದಿಲ್ಲ. ಬೇಕಾದವರಿಗೆ ಬದಲಿಸುವ ದಾರಿ ಇದೆ. ಆದರೆ ಆ ದಾರಿ ಕಾಣುವುದು ಒಳಗೆ ಹೋಗಿ ಪಳಗಿದವರಿಗೆ. ಬೇಕಾಗಿರುವುದು ಬಾಗಿಲಲ್ಲಿ ನಿಂತವರಿಗೆ.

ಹಾಗಂತ ಹಳಬರ ಗೊಣಗಾಟ ಬರೀ ಹಠ ಅಂತ ನಾನು ಹೇಳಲಾರೆ. ಬೆರಳು ಕಲಿತದ್ದು ತಲೆ ಕಲಿತ ಹಾಗಲ್ಲ. ತಲೆಗೆ ಹೇಳಿದರೆ ಅರ್ಥ ಆಗುತ್ತದೆ, ಬೆರಳು ಕೇಳುವುದಿಲ್ಲ. ಬ್ಲೆಂಡರ್ ಬಳಸುವವರನ್ನು ಕೇಳಿ ನೋಡಿ. ತ್ರೀಡಿ ಚಿತ್ರ ಮಾಡುವ ಆ ಸಾಫ್ಟ್‌ವೇರ್‌ನಲ್ಲಿ ವಸ್ತುವನ್ನು ಆರಿಸಲು ಮೌಸ್‌ನ ಬಲಗಡೆ ಒತ್ತಬೇಕಿತ್ತು. ಇಡೀ ಪ್ರಪಂಚ ಎಡಗಡೆ ಒತ್ತುತ್ತಿದ್ದರೆ ಇವರು ಬಲಗಡೆ. 2019ರ ಜುಲೈನಲ್ಲಿ ಬಂದ 2.80 ಆವೃತ್ತಿಯಲ್ಲಿ ಅದನ್ನು ಎಡಕ್ಕೆ ತಂದರು. ನನಗೆ ಇಷ್ಟವಾದದ್ದು ಅವರು ಮಾಡಿದ ರೀತಿ. ಮೊದಲ ಸಲ ತೆರೆದಾಗಲೇ ಒಂದು ಚಿಕ್ಕ ಕಿಟಕಿ ಬಂದು ಕೇಳುತ್ತದೆ: ಎಡ ಬೇಕಾ, ಬಲ ಬೇಕಾ? ಸ್ಪೇಸ್‌ಬಾರ್ ಏನು ಮಾಡಬೇಕು? ಹಳೆಯ ಕೀಗಳೇ ಬೇಕು ಅನ್ನುವವರಿಗೆ 2.7ರ ಕಾಲದ ಜೋಡಣೆಯನ್ನೂ ಜೊತೆಯಲ್ಲೇ ಇಟ್ಟರು. ಹೊಸಬರು ಏನನ್ನೂ ಮುಟ್ಟದೆ ಮುಂದೆ ಹೋಗಬಹುದು. ಹಳಬರು ಅರ್ಧ ನಿಮಿಷದಲ್ಲಿ ತಮ್ಮ ಮನೆಗೆ ತಾವು ಸೇರಬಹುದು.

ಒಂದು ಸಲ ಕೇಳಿದರು ಅನ್ನುವುದು ಮುಖ್ಯ. ನಮ್ಮ ಮನೆಯಲ್ಲಿ ಬೆಳಿಗ್ಗೆ ಬೆಲ್ಲದ ಕರಿ ಕಾಪಿ. ಬೆಂಗಳೂರಿನಿಂದ ನೆಂಟರು ಬಂದರೆ "ಹಾಲು ಹಾಕಲಾ?" ಅಂತ ಅಮ್ಮ ಮೊದಲ ದಿನ ಕೇಳುತ್ತಾರೆ. ಆಮೇಲೆ ಕೇಳುವುದಿಲ್ಲ, ಅವರ ಲೋಟಕ್ಕೆ ಹಾಲು ಬಿದ್ದಿರುತ್ತದೆ. ಅಜ್ಜನನ್ನು ದಿನಾ ಬೆಳಿಗ್ಗೆ ಹಾಗೆ ಕೇಳಿದ್ದರೆ ಲೋಟ ಅಂಗಳಕ್ಕೆ ಹಾರುತ್ತಿತ್ತು. ಈಗಿನ ಕೆಲವು ಆ್ಯಪ್‌ಗಳು ಮಾಡುವುದು ಅದನ್ನೇ. ಅಪ್‌ಡೇಟ್ ಆದಾಗಲೆಲ್ಲ "ಇದನ್ನು ನೋಡಿದಿರಾ, ಅದನ್ನು ನೋಡಿದಿರಾ" ಅಂತ ಬಾಣದ ಗುರುತು ಹಿಡಿದು ಎದುರು ನಿಲ್ಲುತ್ತವೆ. ಹೊಸಬರಿಗೂ ಅದು ಕಿರಿಕಿರಿಯೇ.

ವಿಮ್‌ನವರು ಇನ್ನೂ ಜಾಣ ಉಪಾಯ ಮಾಡಿದರು. 2016ರಲ್ಲಿ ಬಂದ 8.0 ಆವೃತ್ತಿಯಲ್ಲಿ ವಿಮ್ ಬರೆದ ಬ್ರಾಮ್ ಮೂಲೆನಾರ್ ಹೊಸಬರಿಗೆಂದೇ ಒಂದು ಡಿಫಾಲ್ಟ್ ಫೈಲ್ ಸೇರಿಸಿದರು. ಬಣ್ಣಬಣ್ಣದ ಅಕ್ಷರ, ಕರ್ಸರ್ ಎಲ್ಲಿದೆ ಅನ್ನುವ ಗುರುತು, ಹೀಗೆ ಅನುಕೂಲದ ಹಲವು ಸೆಟ್ಟಿಂಗ್. ಷರತ್ತು ಒಂದೇ. ಬಳಸುವವರು ತಮ್ಮದೇ ಸೆಟ್ಟಿಂಗ್ ಫೈಲ್ ಬರೆದಿಟ್ಟುಕೊಂಡಿದ್ದರೆ ಇದು ತೆರೆದುಕೊಳ್ಳುವುದೇ ಇಲ್ಲ. ಫೈಲ್ ಇದ್ದರೆ ಹಳಬ, ಇಲ್ಲದಿದ್ದರೆ ಹೊಸಬ. ಎಷ್ಟು ಚೆಂದ ಅಲ್ವಾ?

ಅಲ್ಲೂ ಎಡವಟ್ಟಾಯಿತು. ಹೊಸಬನೊಬ್ಬ ಸ್ವಲ್ಪ ಕಲಿತು, ಉತ್ಸಾಹದಿಂದ ತನ್ನ ಸೆಟ್ಟಿಂಗ್ ಫೈಲ್ ಶುರು ಮಾಡಿ ಒಂದೇ ಒಂದು ಸಾಲು ಬರೆದ ಅನ್ನಿ. ಅದುವರೆಗೆ ಇದ್ದ ಬಣ್ಣ, ಅನುಕೂಲ ಎಲ್ಲ ಮಾಯ. ಯಾಕೆ ಅಂದರೆ ಅವನೀಗ ಹಳಬರ ಲೆಕ್ಕಕ್ಕೆ ಸೇರಿಬಿಟ್ಟ! ಇನ್ನೊಂದು ಕಡೆ, ವರ್ಷಗಟ್ಟಲೆ ಬೇರೆಯವರ ಸರ್ವರ್‌ಗಳಲ್ಲಿ ಯಾವ ಸೆಟ್ಟಿಂಗ್ ಫೈಲೂ ಇಲ್ಲದೆ ಕೆಲಸ ಮಾಡುತ್ತಿದ್ದವರು. ಹೊಸ ಡಿಫಾಲ್ಟ್‌ನಲ್ಲಿ ಮೌಸ್ ಚಾಲೂ ಆಗಿ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮೌಸ್ ಎಳೆದು ಕಾಪಿ ಪೇಸ್ಟ್ ಮಾಡುವ ಅವರ ಅಭ್ಯಾಸ ಕೈಕೊಟ್ಟಿತು. ಲೆಕ್ಕದಲ್ಲಿ ಇವರು ಹೊಸಬರಾಗಿಬಿಟ್ಟಿದ್ದರು.

ನಮ್ಮ ರೈಟ್ರು ಸೇರುವುದು ಇವರ ಸಾಲಿಗೆ. "ಹಳಬರಿಗೇನು, ಬೇಕಾದರೆ ಹಳೇದಕ್ಕೆ ಬದಲಿಸಿಕೊಳ್ಳಲಿ" ಅಂತ ಸಾಫ್ಟ್‌ವೇರ್ ಮಾಡುವವರು ಸುಲಭವಾಗಿ ಹೇಳುತ್ತಾರೆ. ಅವರ ಕಣ್ಣೆದುರು ಇರುವ ಹಳಬ ತನ್ನ ಸೆಟ್ಟಿಂಗ್ ತಾನೇ ಬರೆದುಕೊಳ್ಳುವ ಹುಡುಗ. ನನ್ನ ಅಂಗಡಿಗೆ ಬರುವ ಹಳಬರು ಹಾಗಿಲ್ಲ. ಇಪ್ಪತ್ತು ವರ್ಷ ಬಳಸಿದ್ದಾರೆ, ಒಂದು ಸಲವೂ ಆಪ್ಷನ್ಸ್ ತೆರೆದಿಲ್ಲ. ಕೈಯಲ್ಲಿ ಹಳಬರು, ಸೆಟ್ಟಿಂಗ್‌ನಲ್ಲಿ ಹೊಸಬರು. ಬದಲಿಸಿದವರೇ ಇವರ ಜವಾಬ್ದಾರಿ ಹೊರಬೇಕು. ಹೊರಲು ಆಗದಿದ್ದರೆ ಬದಲಿಸಲೇಬಾರದು.

ಆಗುವುದೇ ಇಲ್ಲ ಅಂತೇನಲ್ಲ. ಆಫೀಸ್ 2007ರಲ್ಲಿ ಎಕ್ಸೆಲ್‌ನ ಹಳೇ ಮೆನುಗಳನ್ನೆಲ್ಲ ಕಿತ್ತು ರಿಬ್ಬನ್, ಅಂದರೆ ಮೇಲ್ಗಡೆಯ ಬಟನ್‌ಗಳ ಪಟ್ಟಿ, ಹಾಕಿದರು. ಆದರೂ ಆಲ್ಟ್, ಇ, ಎಸ್ ಒತ್ತಿ ನೋಡಿ. ಪೇಸ್ಟ್ ಸ್ಪೆಷಲ್ ಇವತ್ತಿಗೂ ತೆರೆಯುತ್ತದೆ. ಎಡಿಟ್ ಮೆನು ಹೋಗಿ ಎಷ್ಟೋ ವರ್ಷ ಆಯಿತು, ಅದರ ಕೀಗಳು ಮಾತ್ರ ಬದುಕಿವೆ. ಹೊಸಬರಿಗೆ ಅದು ಇರುವುದೇ ಗೊತ್ತಿಲ್ಲ, ಯಾರಿಗೂ ತೊಂದರೆ ಇಲ್ಲ. ಅದೇ ಕಂಪನಿ 2012ರಲ್ಲಿ ವಿಂಡೋಸ್ 8 ತಂದಾಗ ಸ್ಟಾರ್ಟ್ ಬಟನ್ ತೆಗೆದಿತ್ತು. ಒಂದು ವರ್ಷದಲ್ಲಿ 8.1ರ ಜೊತೆ ಅದನ್ನು ವಾಪಸ್ ತರಬೇಕಾಯಿತು.

ಕನ್ನಡ ಕೀಬೋರ್ಡ್ ವಿಷಯಕ್ಕೆ ಬಂದರೆ ನನಗೇ ದ್ವಂದ್ವ. ನಾನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಕಲಿತವನು, ಕೆ.ಪಿ. ರಾವ್ ಅವರ ವಿನ್ಯಾಸ. "ಕೊಡಗು" ಅಂತ ಬರೆಯಲು ಕೆ, ಒ, ಡಬ್ಲ್ಯೂ, ಜಿ, ಯು. ಡ ಅಕ್ಷರ ಡಬ್ಲ್ಯೂ ಮೇಲೆ ಯಾಕಿದೆ ಅಂತ ಕಲಿಯಲು ಬಂದ ಮಕ್ಕಳು ಕೇಳುತ್ತಾರೆ. ಅವರು ಫೋನಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಹೊಡೆದೇ ಕನ್ನಡ ಬರೆಯುವವರು. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿದರೆ ಮೊದಲಿಂದ ಸಿಗುತ್ತಿದ್ದದ್ದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೊಂದು ಕೀ ಜೋಡಣೆ, ಅದು ಈ ಎರಡೂ ಗುಂಪಿಗೆ ಬೇಡ. 2019ರಿಂದ ವಿಂಡೋಸ್ 10ರಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಹೊಡೆದು ಬರೆಯುವ ಫೋನೆಟಿಕ್ ಕೀಬೋರ್ಡ್ ಬಂದಿದೆ. ಮಕ್ಕಳಿಗೆ ನಾನೀಗ ಅದನ್ನೇ ಹಾಕಿಕೊಡುತ್ತೇನೆ. ಆದರೆ ಡಿಟಿಪಿ ಕೆಲಸಕ್ಕೆ ಸೇರುತ್ತೇನೆ ಅನ್ನುವವರನ್ನು ನುಡಿಗೇ ಕೂರಿಸುತ್ತೇನೆ. ಮೊದಲ ವಾರ ಬೈದುಕೊಳ್ಳುತ್ತಾರೆ. ದಿನಕ್ಕೆ ಮೂವತ್ತು ಪುಟ ಹೊಡೆಯುವವರಿಗೆ ಒಂದೊಂದು ಕೀ ಉಳಿದರೂ ಲಾಭವೇ. ಮೊದಲ ದಿನ ಸುಲಭ ಅಂತ ಕೊಟ್ಟದ್ದು ಇಪ್ಪತ್ತು ವರ್ಷ ನಿಧಾನ ಮಾಡಿಸಿದರೆ ಅದು ಹೊಸಬರಿಗೂ ಮೋಸ. ಹೊಸಬರು ಹೊಸಬರಾಗಿರುವುದು ಎಷ್ಟು ದಿನ? ಕೊಯ್ಲು ಶುರುವಾಗಿ ಮುಗಿಯುವಷ್ಟರಲ್ಲಿ ಪಳಗಿರುತ್ತಾರೆ.

"ನಾವು ಕಷ್ಟಪಟ್ಟು ಕಲಿತೆವು, ಇವರೂ ಕಲಿಯಲಿ" ಅನ್ನುವ ಹಳಬರ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಅತ್ತೆ ಸೊಸೆಗೆ ಹೇಳುವ ಮಾತು ಅದು.

ಆ ಸಿಡಿಲಿನ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರದೇ ಕಂಪ್ಯೂಟರ್‌ನಲ್ಲಿ ಏನೇ ಬದಲಿಸಿದರೂ ಅವರ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ. ಏನಿತ್ತು, ಏನು ಮಾಡಿದೆ, ಎಲ್ಲಿ ಹೋಗಿ ಮಾಡಿದೆ. ರೈಟ್ರ ಚೆಕ್‌ರೋಲ್‌ನಲ್ಲಿ ಈಗ ನಾಲ್ಕು ಸಾಲು ಇದೆ.

ಹೋದ ತಿಂಗಳು ಪ್ರಿಂಟರ್ ನೋಡಲು ಅಲ್ಲಿಗೆ ಹೋಗಿದ್ದೆ. ಹುಡುಗಿ ತನ್ನ ಯೂಸರ್‌ನಲ್ಲಿ ಹಾಜರಿ ಹಾಕುತ್ತಿದ್ದಳು. ಒಂದು, ಟ್ಯಾಬ್, ಒಂದು, ಟ್ಯಾಬ್, ಆರನೇ ದಿನ ಆದ ಮೇಲೆ ಎಂಟರ್. ಕರ್ಸರ್ ತಾನಾಗಿ ಮುಂದಿನ ಹೆಸರಿನ ಸೋಮವಾರಕ್ಕೆ ಹೋಗಿ ನಿಂತಿತು. ಹೋಮ್ ಇಲ್ಲ, ಬಾಣ ಇಲ್ಲ. ಎಕ್ಸೆಲ್‌ನ ಡಿಫಾಲ್ಟ್ ಕೆಲಸ ಮಾಡುವುದೇ ಹಾಗೆ. ಎಂಟರ್ ಅನ್ನು ಬಲಕ್ಕೆ ತಿರುಗಿಸಿ, ಒಂದೊಂದು ಹೆಸರಿಗೂ ಮೂರು ಕೀ ಜಾಸ್ತಿ ಒತ್ತುವ ಹಾಗೆ ಹದಿನೈದು ವರ್ಷದ ಹಿಂದೆ ನಾನೇ ಮಾಡಿಟ್ಟಿದ್ದೆ.

ರೈಟ್ರು ಕನ್ನಡಕ ಏರಿಸಿ ಅವಳ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಮೊದಲಿಂದಲೂ ಹೀಗೇ ಇತ್ತಾ ಮಾರಾಯಾ?"

ಪ್ರಿಂಟರ್‌ನ ಕಾಗದ ಸಿಕ್ಕಿಕೊಂಡಿದೆ ಅಂತ ಬಗ್ಗಿ ನೋಡತೊಡಗಿದೆ.